ಮಲೇರಿಯಾ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲವೇ?

ದಡಾರ ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಜೀವಮಾನದಲ್ಲಿ ಮತ್ತೆ ಬರುವುದಿಲ್ಲ. ಮಲೇರಿಯಾ ಕೂಡ ಹಾಗೆಯೇ ಎಂದು ನಂಬಿದವರು ಅನೇಕರು. 'ಹೋದ ಮಳೆಗಾಲದಲ್ಲೇ ಬಂದು ಹೋಗಿದೆಯಲ್ಲ ಡಾಕ್ಟ್ರೇ, ಮತ್ತೆ ರಕ್ತಪರೀಕ್ಷೆ ಯಾಕೆ?' ಎಂದು ಕೇಳುತ್ತಾರೆ. ಈ ನಂಬಿಕೆ ಅಪಾಯಕಾರಿ. ಏಕೆಂದು ತಿಳಿಯಲು ನಮ್ಮ ದೇಹ ಶತ್ರುವನ್ನು ಗುರುತಿಸುವ ಬಗೆಯನ್ನು ತಿಳಿಯಬೇಕು.

ಗುರುತು ಹಿಡಿಯುವುದು ಹೇಗೆ?

ದೇಹದ ಕಾವಲುಗಾರರಾದ ಬಿಳಿ ರಕ್ತಕಣಗಳಿಗೆ ಕಣ್ಣಿಲ್ಲ. ಅವು ಮುಟ್ಟಿ ಗುರುತಿಸುತ್ತವೆ. ಪ್ರತಿಯೊಂದು ರೋಗಾಣುವಿನ ಹೊರಮೈಯಲ್ಲಿ ಅದರದೇ ಆದ ಅಣುಗಳಿರುತ್ತವೆ. ಬಿಳಿ ಕಣಗಳ ಮೈಮೇಲೆ ಅವನ್ನು ಹಿಡಿಯುವ ಗ್ರಾಹಕಗಳಿವೆ. ಬೀಗಕ್ಕೆ ಕೀಲಿ ಕೂಡಿದಂತೆ ಇವೆರಡೂ ಕೂಡಿಕೊಂಡರೆ, 'ಇದು ನಮ್ಮದಲ್ಲ' ಎಂಬ ಸೂಚನೆ ಹೊರಡುತ್ತದೆ.

ಮೊದಲು ಭಕ್ಷಕ ಕಣಗಳು ರೋಗಾಣುವನ್ನು ನುಂಗಿ, ಅದರ ಚೂರುಗಳನ್ನು ತಮ್ಮ ಮೈಮೇಲೆ ಎತ್ತಿ ಹಿಡಿದು 'ಟಿ' ಕಣಗಳಿಗೆ ತೋರಿಸುತ್ತವೆ. ಅವುಗಳ ನೆರವಿನಿಂದ 'ಬಿ' ಕಣಗಳು ಆ ರೋಗಾಣುವಿನ ಹೊರಮೈಗೆ ಸರಿಯಾಗಿ ಅಂಟಿಕೊಳ್ಳುವ ಆಂಟಿಬಾಡಿಗಳನ್ನು ತಯಾರಿಸುತ್ತವೆ. ಕೆಲವು ಕಣಗಳು ಆ ಗುರುತನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ. ದಡಾರದ ವೈರಸ್ಸಿನ ಹೊರಮೈ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಅದು ಎರಡನೇ ಸಲ ಬಂದರೆ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ.

ಅಂಗಿ ಬದಲಿಸುವ ಶತ್ರು

ಮಲೇರಿಯಾದ ಪರೋಪಜೀವಿ ಇನ್ನೂ ಚಾಣಾಕ್ಷ. ಅನಾಫಿಲಿಸ್ ಹೆಣ್ಣು ಸೊಳ್ಳೆ ಕಚ್ಚಿದಾಗ ದೇಹ ಸೇರುವ ಈ ಜೀವಿ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಲಿವರ್‌ನ ಕಣಗಳೊಳಗೆ ಸೇರಿಕೊಳ್ಳುತ್ತದೆ. ಸುಮಾರು ಒಂದು ವಾರ ಅಲ್ಲಿ ಸಾವಿರಾರು ಪಟ್ಟು ಬೆಳೆದು, ನಂತರ ಕೆಂಪು ರಕ್ತಕಣಗಳಿಗೆ ನುಗ್ಗುತ್ತದೆ. ಈ ಅಡಗುದಾಣ ಅದಕ್ಕೆ ಬಹಳ ಅನುಕೂಲ. ದೇಹದ ಬೇರೆ ಕಣಗಳು ಒಳಗೆ ಶತ್ರುವಿದ್ದರೆ ಅದರ ಚೂರನ್ನು ಹೊರಗೆ ತೋರಿಸಬಲ್ಲವು. ಕೆಂಪು ಕಣದಲ್ಲಿ ಆ ವ್ಯವಸ್ಥೆಯೇ ಇಲ್ಲ.

ಫಾಲ್ಸಿಪಾರಂ ಮಲೇರಿಯಾದಲ್ಲಿ, ಸೋಂಕು ತಗುಲಿದ ಕೆಂಪು ಕಣ ಗುಲ್ಮದ ಮೂಲಕ ಹಾದುಹೋದರೆ ಅಲ್ಲಿ ಸೋಸಿಹೋಗುವ ಸಂಭವವಿದೆ. ಅದನ್ನು ತಪ್ಪಿಸಿಕೊಳ್ಳಲು ಪರೋಪಜೀವಿಯು ಕೆಂಪು ಕಣದ ಹೊರಮೈಯಲ್ಲಿ ತನ್ನದೊಂದು ಅಂಟು ಪ್ರೋಟೀನನ್ನು ಇಟ್ಟು, ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಮಿದುಳಿನ ಸೂಕ್ಷ್ಮ ನಾಳಗಳಲ್ಲಿ ಹೀಗಾದರೆ ರೋಗಿ ಪ್ರಜ್ಞೆ ತಪ್ಪಬಹುದು, ಪ್ರಾಣವೇ ಹೋಗಬಹುದು.

ಹೊರಗೆ ಕಾಣುವ ಆ ಪ್ರೋಟೀನನ್ನು ದೇಹ ಗುರುತಿಸಿ ಆಂಟಿಬಾಡಿ ತಯಾರಿಸುತ್ತದೆ, ನಿಜ. ಆದರೆ ಪರೋಪಜೀವಿಯ ಬಳಿ ಈ ಪ್ರೋಟೀನಿಗೆ ಸುಮಾರು 60 ವಂಶವಾಹಿಗಳಿವೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬಳಸುತ್ತದೆ. ಹಳೆಯ ಅಂಗಿಯ ಗುರುತು ಹಿಡಿದು ದೇಹ ದಾಳಿಗೆ ಸಿದ್ಧವಾಗುವಷ್ಟರಲ್ಲಿ ಕೆಲವು ಜೀವಿಗಳು ಬೇರೆ ಅಂಗಿ ತೊಟ್ಟಿರುತ್ತವೆ. ಮಲೇರಿಯಾ ಹೆಚ್ಚಿರುವ ಆಫ್ರಿಕದ ಭಾಗಗಳಲ್ಲಿ ಪದೇ ಪದೇ ಸೋಂಕು ತಗುಲಿ ದೊಡ್ಡವರಿಗೆ ತಕ್ಕಮಟ್ಟಿನ ರಕ್ಷಣೆ ಬರುತ್ತದೆ. ಊರು ಬಿಟ್ಟು ಬೇರೆಡೆ ನೆಲೆಸಿದರೆ ಅದೂ ಕ್ರಮೇಣ ಕುಂದುತ್ತದೆ.

ನಿದ್ದೆ ಮಾಡುವ ಶತ್ರು

ನಮ್ಮಲ್ಲಿ ಸಾಮಾನ್ಯವಾದ ವೈವಾಕ್ಸ್ ಮಲೇರಿಯಾಕ್ಕೆ ಇನ್ನೊಂದು ಉಪಾಯ ಗೊತ್ತು. ಅದರ ಕೆಲವು ಜೀವಿಗಳು ಲಿವರ್‌ನಲ್ಲಿ ಮಲಗಿಬಿಡುತ್ತವೆ. ವಾರಗಳು ಅಥವಾ ತಿಂಗಳುಗಳ ನಂತರ ಎದ್ದು, ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ ಜ್ವರ ತರುತ್ತವೆ. ಕ್ಲೋರೋಕ್ವಿನ್ ರಕ್ತದಲ್ಲಿರುವ ಜೀವಿಗಳನ್ನು ಮಾತ್ರ ಕೊಲ್ಲುತ್ತದೆ. ಲಿವರ್‌ನಲ್ಲಿ ಮಲಗಿದವಕ್ಕೆ ಪ್ರೈಮಾಕ್ವಿನ್ ಬೇಕು. ಅದನ್ನು ಸಾಮಾನ್ಯವಾಗಿ 14 ದಿನ ನುಂಗಬೇಕು. ಮೂರನೇ ದಿನ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸುವವರೇ ಮತ್ತೆ ಮಲಗುವವರು.

ಲಸಿಕೆ ಇದೆಯೇ?

ಸೊಳ್ಳೆಯಿಂದ ಬರುವ ಹಂತದಲ್ಲಿ ಪರೋಪಜೀವಿಯ ಮೈತುಂಬ ಇರುವ ಒಂದು ಪ್ರೋಟೀನನ್ನೇ ಗುರಿಯಾಗಿಟ್ಟು ಲಸಿಕೆ ತಯಾರಾಗಿದೆ. ಲಿವರ್ ಸೇರುವ ಮೊದಲೇ ಅದನ್ನು ಹಿಡಿಯುವುದು ಉದ್ದೇಶ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರ್‌ಟಿಎಸ್,ಎಸ್ ಲಸಿಕೆಯನ್ನೂ, 2023ರಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಲಸಿಕೆಯನ್ನೂ ಮಕ್ಕಳಿಗೆ ಶಿಫಾರಸು ಮಾಡಿತು. ಇವೆರಡೂ ಫಾಲ್ಸಿಪಾರಂಗೆ ಮಾತ್ರ. ಮುಖ್ಯವಾಗಿ ಆಫ್ರಿಕದ ಮಕ್ಕಳಿಗೆ ಕೊಡಲಾಗುತ್ತಿದೆ. ರಕ್ಷಣೆ ಪೂರ್ಣವಲ್ಲ, ಕಾಲಕ್ರಮೇಣ ಇಳಿಯುತ್ತದೆ.

ನೀವು ಮಾಡಬೇಕಾದ್ದು

* ಚಳಿ ನಡುಕದೊಂದಿಗೆ ಜ್ವರ ಬಂದರೆ, ಹಿಂದೆ ಮಲೇರಿಯಾ ಬಂದಿದ್ದರೂ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ.

* ಯಾವ ಜಾತಿಯ ಮಲೇರಿಯಾ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

* ಜ್ವರ ಬಿಟ್ಟರೂ ಹೇಳಿದಷ್ಟು ದಿನ ಮಾತ್ರೆ ಮುಗಿಸಿ. ಮನೆಯಲ್ಲಿ ಉಳಿದ ಹಳೆಯ ಮಾತ್ರೆ ನುಂಗಬೇಡಿ.

* ಗರ್ಭಿಣಿಯರು ಮತ್ತು ಒಂದು ವರ್ಷದೊಳಗಿನ ಮಕ್ಕಳಿಗೆ ಪ್ರೈಮಾಕ್ವಿನ್ ಕೊಡಬಾರದು. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೂ ಇದರಿಂದ ತೊಂದರೆಯಾದೀತು. ಮಾತ್ರೆ ತೆಗೆದುಕೊಳ್ಳುವಾಗ ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರಲ್ಲಿಗೆ ಹೋಗಿ.

* ನೀರಿನ ತೊಟ್ಟಿ, ಟ್ಯಾಂಕುಗಳನ್ನು ಮುಚ್ಚಿಡಿ. ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗಿ.