ಲ್ಯಾಪ್‌ಟಾಪ್ ಬೆಲೆಗೆ ಮೈಸೂರಿನ ದಾರಿಖರ್ಚನ್ನೂ ಸೇರಿಸಿ

ಹೊಸ ಲ್ಯಾಪ್‌ಟಾಪ್ ಕೆಟ್ಟರೆ ಯಾರು ವಾಪಸ್ ತೆಗೆದುಕೊಳ್ಳುತ್ತಾರೆ, ಅದನ್ನು ಎಲ್ಲಿಗೆ ಒಯ್ಯಬೇಕು? ಕೊಡಗಿನಲ್ಲಿ ಕೂತು ಕೊಳ್ಳುವವರು ಬೆಲೆ ವಿಚಾರಿಸುವ ಮೊದಲು ಇದನ್ನು ವಿಚಾರಿಸಬೇಕೆಂದು ನಾನೀಗ ಕಂಡವರಿಗೆಲ್ಲ ಹೇಳುತ್ತಿದ್ದೇನೆ. ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಸಿಇಟಿ ಸೀಟು ಹಂಚಿಕೆ ಮುಗಿದು, ಪೊನ್ನಂಪೇಟೆಗೋ ಕುಶಾಲನಗರಕ್ಕೋ ಮೈಸೂರಿಗೋ ಎಂಜಿನಿಯರಿಂಗ್‌ಗೆ ಹೊರಟ ಮಕ್ಕಳ ಮನೆಗಳಲ್ಲಿ ಇದೇ ಮಾತು. ಕಾಫಿ ಹಣ ಬರುವುದು ಕೊಯ್ಲು ಮುಗಿದ ಮೇಲೆ, ಜನವರಿಯಿಂದಾಚೆಗೆ. ಲ್ಯಾಪ್‌ಟಾಪ್ ಬೇಕಾಗುವುದು ಕೈ ಬರಿದಾಗಿರುವ ಮಳೆಗಾಲದಲ್ಲಿ. ಹಾಗಾಗಿ ಸಾವಿರ ರೂಪಾಯಿ ಎಲ್ಲಿ ಉಳಿದೀತು ಎಂದು ಹುಡುಕುವುದು ಸಹಜ.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಮಗಳಿಗೆ ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವಳಿಗೆ ಬೇಕಿದ್ದುದು 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ, ಹೊತ್ತುಕೊಂಡು ಬಸ್ ಹತ್ತಬಹುದಾದ ಮಾದರಿ. ಒಂದೇ ಮಾದರಿಗೆ ಮೂರು ಕಡೆ ಬೆಲೆ ಕೇಳಿದೆ. ಕುಶಾಲನಗರದ ಅಂಗಡಿಯಲ್ಲಿ 61,500 ರೂ. ಮೈಸೂರಿನ ದೊಡ್ಡ ಮಳಿಗೆಯಲ್ಲಿ 59,990. ಆನ್‌ಲೈನಿನಲ್ಲಿ 57,490, ಅದರಲ್ಲಿ ಬ್ಯಾಂಕ್ ಕಾರ್ಡಿನ ರಿಯಾಯಿತಿ ಕಳೆದರೆ 55,990. ಕಾಗದದ ಮೇಲೆ ಗೆದ್ದವರು ಯಾರೆಂದು ಹೇಳಲು ಕ್ಯಾಲ್ಕುಲೇಟರ್ ಬೇಕಿಲ್ಲ. ಐದೂವರೆ ಸಾವಿರ ನಮ್ಮಂಥ ಮನೆಗೆ ಸಣ್ಣ ಮೊತ್ತವೂ ಅಲ್ಲ.

ಆದರೂ ನಾನು ತಡೆದು ನಿಂತದ್ದಕ್ಕೆ ಕಾರಣ, ನಾದಿನಿಯ ಮಗನಿಗೆ ಕೆಲವು ವರ್ಷದ ಹಿಂದೆ ತರಿಸಿದ ಲ್ಯಾಪ್‌ಟಾಪ್. ಅದು ಬಂದದ್ದು ಜುಲೈ ತಿಂಗಳ ಮಳೆಯಲ್ಲಿ. ಬಂದ ಎರಡು ದಿನಕ್ಕೇ ಪರದೆಯ ಬಲಗಡೆ ಹಸಿರು ಗೆರೆಯೊಂದು ಮೂಡಿತು. ಆ್ಯಪಿನಲ್ಲಿ ‘ಬದಲಾಯಿಸಿ’ ಎಂಬ ಗುಂಡಿ ಇತ್ತು, ಒತ್ತಿದೆವು. ಹಾಗೆ ಸುಮ್ಮನೆ ಬದಲಾಯಿಸಿ ಕೊಡಲು ಬರುವುದಿಲ್ಲ, ಕಂಪನಿಯ ಸರ್ವಿಸ್ ಸೆಂಟರಿನವರು ನೋಡಿ ‘ಡಿಒಎ’ ಪತ್ರ ಕೊಡಬೇಕು ಎಂಬ ಉತ್ತರ ಬಂತು. ಪೆಟ್ಟಿಗೆ ಒಡೆದಾಗಲೇ ಸರಕು ಕೆಟ್ಟಿತ್ತು ಎಂಬುದಕ್ಕೆ ಕಂಪನಿ ಕೊಡುವ ದಾಖಲೆ ಅದು. ಡಿಒಎ ಎಂಬ ಮೂರಕ್ಷರವನ್ನು ನಮ್ಮ ಮನೆಯಲ್ಲಿ ಮೊದಲು ಕೇಳಿದ್ದು ಅಂದೇ. ಎಂಜಿನಿಯರ್ ಮೈಸೂರಿನಿಂದ ಬರಬೇಕು. ಇಲ್ಲಿ ರಸ್ತೆಗೆ ಮರ ಬಿದ್ದಿತ್ತು, ಕರೆಂಟಿಲ್ಲ, ಕರೆಂಟು ಹೋಗಿ ಹೊತ್ತಾದರೆ ಮೊಬೈಲ್ ಟವರೂ ಇಲ್ಲ. ಅವರು ಫೋನ್ ಮಾಡಿದಾಗ ನಾವು ಸಿಗಲಿಲ್ಲ, ನಾವು ಮಾಡಿದಾಗ ಅವರು ಬೇರೆ ಊರಿನಲ್ಲಿದ್ದರು. ಅಷ್ಟರಲ್ಲಿ ಏಳು ದಿನ ಕಳೆದುಹೋಯಿತು. ಮಾರಿದವರು ‘ಗಡುವು ಮುಗಿದಿದೆ, ಇನ್ನು ವಾರಂಟಿಯಲ್ಲಿ ರಿಪೇರಿ ಮಾಡಿಸಿಕೊಳ್ಳಿ’ ಎಂದು ಕೈ ತೊಳೆದುಕೊಂಡರು. ಕೊನೆಗೆ ಮೈಸೂರಿಗೆ ಒಯ್ದು ಪರದೆ ಬದಲಾಯಿಸಿಕೊಂಡು ಬಂದ. ದುಡ್ಡು ತೆಗೆದುಕೊಳ್ಳಲಿಲ್ಲ, ನಿಜ. ಆದರೆ ಪೂರ್ತಿ ಹಣ ಕೊಟ್ಟ ಹುಡುಗನ ಕೈಗೆ ಬಂದದ್ದು ಬಿಚ್ಚಿ ಜೋಡಿಸಿದ ಯಂತ್ರ.

ಈ ಸಲ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರಲ್ಲೂ ಬೆಲೆಯ ಕೆಳಗಿನ ಸಣ್ಣ ಅಕ್ಷರಗಳನ್ನು ಕೂತು ಓದಿದೆ. ನಾನು ನೋಡಿದ ಹೆಚ್ಚಿನ ಮಾದರಿಗಳಿಗೆ ಇದ್ದ ಗಡುವು ಏಳು ದಿನ. ಅದೂ ‘ಸರ್ವಿಸ್ ಸೆಂಟರ್ ರಿಪ್ಲೇಸ್‌ಮೆಂಟ್’. ರಿಟರ್ನ್ ಎಂದರೆ ಹಣ ವಾಪಸ್, ರಿಪ್ಲೇಸ್‌ಮೆಂಟ್ ಎಂದರೆ ಅದೇ ಮಾದರಿಯ ಇನ್ನೊಂದು, ಸರ್ವಿಸ್ ಸೆಂಟರ್ ಎಂದು ಸೇರಿಸಿದರೆ ಕಂಪನಿ ಒಪ್ಪಿದ ಮೇಲಷ್ಟೇ ಇನ್ನೊಂದು. ಬಟ್ಟೆ, ಚಪ್ಪಲಿ ವಾಪಸ್ ಮಾಡಿ ರೂಢಿಯಾದ ಮಕ್ಕಳು ಲ್ಯಾಪ್‌ಟಾಪಿಗೂ ಅದೇ ನಿಯಮ ಎಂದುಕೊಂಡಿರುತ್ತಾರೆ. ಒಂದೇ ತಾಣದಲ್ಲಿ ಒಂದೇ ಮಾದರಿಯನ್ನು ಬೇರೆಬೇರೆ ಮಾರಾಟಗಾರರು ಮಾರುತ್ತಿರುತ್ತಾರೆ, ಬಿಲ್ ಬರುವುದು ಆ ಮಾರಾಟಗಾರರ ಹೆಸರಿನಲ್ಲಿ. ಅದನ್ನೂ ನೋಡಬೇಕು. ಇನ್ನು ಪಿನ್‌ಕೋಡ್. ಬೆಂಗಳೂರಿನ ಪಿನ್‌ಕೋಡ್ ಹಾಕಿದರೆ ‘ನಾಳೆ ಸಿಗುತ್ತದೆ, ಪೆಟ್ಟಿಗೆ ತೆರೆದು ನೋಡಿ ತೆಗೆದುಕೊಳ್ಳಿ’ ಎಂದು ತೋರಿಸಿದ ಪುಟ ನಮ್ಮೂರಿನದು ಹಾಕಿದೊಡನೆ ಬೇರೆ ಮಾತಾಡಿತು. ನಿಮ್ಮ ಪಿನ್‌ಕೋಡ್ ಹಾಕದೆ ಯಾವ ಷರತ್ತನ್ನೂ ನಂಬಬೇಡಿ.

ಕಾನೂನು ಏನನ್ನುತ್ತದೆ ಎಂಬುದನ್ನೂ ಓದಿಕೊಂಡೆ. ಇದು ಎಲ್ಲರಿಗೂ ಗೊತ್ತಿರಬೇಕೆಂದು ನನ್ನ ಆಸೆ. ನಮ್ಮ ದೇಶದಲ್ಲಿ ‘ಮನಸ್ಸು ಬದಲಾಯಿತು, ಬಣ್ಣ ಇಷ್ಟವಾಗಲಿಲ್ಲ’ ಎಂದು ವಾಪಸ್ ಕೊಡುವ ಹಕ್ಕನ್ನು ಕಾಯ್ದೆ ಕೊಟ್ಟಿಲ್ಲ, ಅದು ಅಂಗಡಿಯವರ ಇಷ್ಟ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆಯೇ ಹಿಂದಿರುಗಿಸಬಹುದು. ಅಲ್ಲಿ ಓದುತ್ತಿರುವ ನೆಂಟರ ಮಕ್ಕಳ ಮಾತು ಕೇಳಿ ಇಲ್ಲೂ ಹಾಗೇ ಎಂದುಕೊಳ್ಳಬಾರದು. ಆದರೆ ಸರಕಿನಲ್ಲಿ ದೋಷವಿದ್ದರೆ ಇಲ್ಲಿಯೂ ಕಾಯ್ದೆ ನಮ್ಮ ಕಡೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿಯನ್ನೇ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ನಮ್ಮ ಪೇಟೆಗಳ ಎಷ್ಟೋ ಬಿಲ್ಲುಗಳ ತಳದಲ್ಲಿ ‘ಒಮ್ಮೆ ಮಾರಿದ ಸರಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಅಚ್ಚಾಗಿರುತ್ತದೆ. ಕೆಟ್ಟ ಸರಕಿನ ವಿಷಯದಲ್ಲಿ ಆ ಸಾಲನ್ನು ನೋಡಿ ಹೆದರಬೇಕಾಗಿಲ್ಲ.

ಆನ್‌ಲೈನ್ ವ್ಯಾಪಾರಕ್ಕೆ 2020ರ ಜುಲೈನಲ್ಲೇ ಬೇರೆ ನಿಯಮಗಳು ಬಂದವು. ದೋಷವಿರುವ, ನಕಲಿಯಾದ, ಪುಟದಲ್ಲಿ ತೋರಿಸಿದ್ದಕ್ಕಿಂತ ಬೇರೆಯಾದ ಸರಕನ್ನು ಮಾರಾಟಗಾರ ವಾಪಸ್ ಪಡೆಯಲೇಬೇಕು. ಹೇಳಿದ ದಿನಕ್ಕಿಂತ ತಡವಾಗಿ ತಲುಪಿದ್ದನ್ನೂ ಹಿಂದಿರುಗಿಸಬಹುದು, ಆದರೆ ತಡವಾದದ್ದು ಪ್ರಕೃತಿ ವಿಕೋಪದಂಥ ಕಾರಣದಿಂದಾಗಿದ್ದರೆ ಈ ಹಕ್ಕಿಲ್ಲ. ಗುಡ್ಡ ಕುಸಿದು ದಾರಿ ಮುಚ್ಚುವ ನಮ್ಮ ಜಿಲ್ಲೆಯವರು ಈ ಕೊನೆಯ ಮಾತನ್ನು ನೆನಪಿಡಬೇಕು. ದೂರು ಕೊಟ್ಟ 48 ಗಂಟೆಯೊಳಗೆ ಅದು ತಲುಪಿತೆಂದು ಕಂಪನಿಯ ಕುಂದುಕೊರತೆ ಅಧಿಕಾರಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಾಗಾಗಿ ಬರೀ ಫೋನಿನಲ್ಲಿ ಮಾತಾಡಿ ಬಿಡಬೇಡಿ. ಮೊದಲ ದಿನವೇ ಬರಹದಲ್ಲಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ಎಂಜಿನಿಯರ್ ತಡವಾಗಿ ಬಂದರೂ ದೂರು ಗಡುವಿನೊಳಗೆ ಬಂದಿತ್ತೆಂಬುದಕ್ಕೆ ಸಾಕ್ಷಿ ಇರುತ್ತದೆ.

ಮೈಸೂರಿಗೂ ಹೋಗಿ ನೋಡಿದೆವು. ಕ್ರೋಮಾ, ರಿಲಯನ್ಸ್ ಡಿಜಿಟಲ್‌ನಂಥ ಮಳಿಗೆಗಳ ದೊಡ್ಡ ಅನುಕೂಲವೆಂದರೆ ಕೀಲಿಮಣೆ ಒತ್ತಿ, ಪರದೆ ಎಷ್ಟು ಬೆಳಗುತ್ತದೆ ನೋಡಿ, ಕೈಯಲ್ಲಿ ತೂಗಿ ಆರಿಸಬಹುದು. ಮಗಳು ಮೂರು ದಿನದಿಂದ ಪುಟದಲ್ಲಿ ನೋಡಿ ಮೆಚ್ಚಿದ್ದ ಮಾದರಿಯನ್ನು ಅಲ್ಲಿ ಎತ್ತಿ ನೋಡಿ ತಾನೇ ಬೇಡವೆಂದಳು. ಕೊಂಡರೆ ಪೆಟ್ಟಿಗೆಯನ್ನು ಕೌಂಟರಿನಲ್ಲೇ ತೆರೆಸಿ, ಆನ್ ಮಾಡಿಸಿ ನೋಡಬಹುದು. ಹೊರಡುವ ಮುಂಚೆ ವಾಪಸಾತಿಯ ಬಗ್ಗೆ ಕೇಳಿದೆ. ಸೀಲ್ ಒಡೆದ ಮೇಲೆ ಏನಿದ್ದರೂ ಕಂಪನಿಯ ಸರ್ವಿಸ್ ಸೆಂಟರಿನ ಪತ್ರ ಬೇಕು ಎಂದೇ ಅಲ್ಲಿಯ ಹುಡುಗ ಹೇಳಿದ. ಮೈಸೂರಿನವರಿಗೆ ಆ ಸೆಂಟರ್ ಆಟೋ ದೂರ. ನಮಗೆ ಹೋಗಲು ಸುಮಾರು 100 ಕಿಲೋಮೀಟರ್, ಬರಲು ಅಷ್ಟೇ. ಕೊಡಲು ಒಂದು ಸಲ, ತರಲು ಇನ್ನೊಂದು ಸಲ. ಇಬ್ಬರ ಬಸ್ ಚಾರ್ಜು, ಊಟ, ಮಗಳಿಗೆ ತಪ್ಪುವ ತರಗತಿ, ತೋಟದಲ್ಲಿ ನಿಲ್ಲುವ ನನ್ನ ಕೆಲಸ ಎಲ್ಲ ಕೂಡಿಸಿದರೆ ಉಳಿಸಿದ ಸಾವಿರಗಳಲ್ಲಿ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಎಲ್ಲ ಯಂತ್ರವೂ ಕೆಡುವುದಿಲ್ಲ, ಒಪ್ಪುತ್ತೇನೆ. ಆದರೆ ಕೆಟ್ಟಾಗ ಈ ಖರ್ಚನ್ನು ಯಾರು ಹೊರುತ್ತಾರೆ ಎಂಬುದು ಕೊಳ್ಳುವ ದಿನವೇ ಗೊತ್ತಿರಬೇಕು.

ಕಂತಿನ ಬಗ್ಗೆ ಒಂದು ಮಾತು. ‘ನೋ ಕಾಸ್ಟ್ ಇಎಂಐ’ ಎಂಬ ಫಲಕ ಎಲ್ಲ ಕಡೆಯೂ ಇದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಈಗಿನ ಕ್ರಮದಲ್ಲಿ ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆಯುತ್ತಾರೆ, ಬ್ಯಾಂಕ್ ಬಡ್ಡಿ ಹಾಕುತ್ತದೆ, ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕವನ್ನು ನಾವು ಕಟ್ಟುತ್ತೇವೆ. ಯಂತ್ರ ವಾಪಸಾದರೆ ಕಂತನ್ನು ರದ್ದು ಮಾಡಿಸಲು ಬ್ಯಾಂಕಿಗೆ ಬೇರೆಯಾಗಿ ಹೇಳಬೇಕಾಗಬಹುದು, ಶುಲ್ಕ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ. ಕೂಡಿಟ್ಟ ಹಣವಿದ್ದರೆ ಕಂತು ಬೇಡ.

ಕೊನೆಗೆ ಕುಶಾಲನಗರದ ಅಂಗಡಿಗೇ ಮತ್ತೆ ಹೋದೆ. ಬೆಲೆ ಇಳಿಸಿ ಎಂದೆ, 60,000ಕ್ಕೆ ಬಂದರು. ‘ಕೆಟ್ಟರೆ?’ ಎಂದೆ.

‘ನಾವಿದ್ದೀವಲ್ಲ ಅಕ್ಕ, ಇಲ್ಲಿಗೇ ತಂದುಕೊಡಿ. ಮೈಸೂರಿಗೆ ನಾವೇ ಕಳಿಸಿ ತರಿಸ್ತೀವಿ.’

‘ಅದನ್ನೇ ಬಿಲ್ಲಿನ ಮೇಲೆ ಬರೆದುಕೊಡಿ.’

‘ಹಾಗೆ ಬರೆದುಕೊಡೋ ಪದ್ಧತಿ ಇಲ್ಲ ಅಕ್ಕ.’

‘ನೀವು ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಬೇಡ. ಹೇಳಿದ್ದನ್ನೇ ಬರೀರಿ.’

ಸ್ವಲ್ಪ ಹೊತ್ತು ಯೋಚಿಸಿ ಬರೆದರು. 15 ದಿನದೊಳಗೆ ಪರದೆ, ಕೀಲಿಮಣೆ, ಚಾರ್ಜಿಂಗ್ ಯಾವುದರಲ್ಲಿ ದೋಷ ಕಂಡರೂ ಡಿಒಎ ಪತ್ರವನ್ನು ಅಂಗಡಿಯವರೇ ತರಿಸಿ ಅದೇ ಮಾದರಿಯ ಹೊಸದನ್ನು ಕೊಡುವುದು, ಅದು ಸಿಗದಿದ್ದರೆ ಹಣ ವಾಪಸ್. ಕೆಳಗೆ ಸಹಿ, ಮೊಹರು. ಆನ್‌ಲೈನಿಗಿಂತ ನಾಲ್ಕು ಸಾವಿರ ರೂಪಾಯಿ ಹೆಚ್ಚು ಕೊಟ್ಟೆ, ಕೊಟ್ಟದ್ದು ಆ ಎರಡು ಸಾಲಿಗೆ. ಊರಿನ ಅಂಗಡಿ ಎಂಬ ಪ್ರೀತಿ ನನಗಿದೆ, ಆದರೆ ಬರೆದುಕೊಡದಿದ್ದರೆ ಖಂಡಿತ ಅಲ್ಲಿ ಕೊಳ್ಳುತ್ತಿರಲಿಲ್ಲ.

ಪೆಟ್ಟಿಗೆಯನ್ನು ಅಲ್ಲೇ ತೆರೆದೆವು. ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರ್, ಯಂತ್ರದ ಅಡಿಯಲ್ಲಿದ್ದದ್ದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಎಂದು ನೋಡಿಕೊಂಡೆವು. ಕಂಪನಿಯ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ವಾರಂಟಿ ಎಂದು ಶುರುವಾಗಿದೆ ಎಂದು ತೋರಿಸುತ್ತದೆ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಸರಕಾದರೆ ವಾರಂಟಿ ಆಗಲೇ ಓಡುತ್ತಿರಬಹುದು, ಬಿಲ್ ತೋರಿಸಿ ತಾರೀಕು ಸರಿಮಾಡಿಸಿಕೊಳ್ಳಬೇಕು. ಜೊತೆಗೆ ಬರುವ ಆಫೀಸ್ ತಂತ್ರಾಂಶವನ್ನು ಮೊದಲ ದಿನವೇ ನಿಮ್ಮ ಖಾತೆಗೆ ಜೋಡಿಸಬೇಡಿ. ಒಮ್ಮೆ ಜೋಡಿಸಿದರೆ ಆ ಪರವಾನಗಿ ಖಾತೆಗೆ ಅಂಟಿಕೊಳ್ಳುತ್ತದೆ, ಯಂತ್ರ ಬದಲಾಯಿಸುವಾಗ ತಕರಾರಾಗುತ್ತದೆ. ಮೊದಲ ವಾರ ಪರದೆ, ಕೀಲಿ, ಕ್ಯಾಮೆರಾ, ಸ್ಪೀಕರ್, ಬ್ಯಾಟರಿ ಇವನ್ನೇ ಚೆನ್ನಾಗಿ ದುಡಿಸಿ ನೋಡಿ. ಪೆಟ್ಟಿಗೆ, ಥರ್ಮೋಕೋಲ್, ಕವರ್ ಯಾವುದನ್ನೂ ಎಸೆಯಬೇಡಿ. ನಮ್ಮ ಮಳೆಗೆ ರಟ್ಟು ಬೂಸ್ಟು ಹಿಡಿಯುವುದಕ್ಕೆ ಹೆಚ್ಚು ದಿನ ಬೇಡ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದಲ್ಲಿಡಿ.

ವಾರಂಟಿಯಲ್ಲಿ ‘ಆನ್‌ಸೈಟ್’ ಎಂದಿದ್ದರೆ ಎಂಜಿನಿಯರ್ ಮನೆಗೆ ಬರುತ್ತಾರೆ. ಆದರೆ ನಮ್ಮ ಊರಿನವರೆಗೆ ಬರುತ್ತಾರೋ ಎಂದು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಪಿನ್‌ಕೋಡ್ ಹೇಳಿ ಕೇಳಿದ ಮೇಲೆಯೇ ನಾನು ಹಣ ಕೊಟ್ಟದ್ದು. ಸಿಡಿಲು, ವೋಲ್ಟೇಜ್ ಏರಿಳಿತ, ನೀರು ಇವು ಸಾಮಾನ್ಯ ವಾರಂಟಿಯಲ್ಲಿ ಸೇರುವುದಿಲ್ಲ, ನಮ್ಮ ಕಡೆ ಯಂತ್ರಗಳನ್ನು ಕೆಡಿಸುವುದು ಇವೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಟಿವಿ, ಮೋಡೆಮ್ ಸುಟ್ಟುಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಆಕಸ್ಮಿಕ ಹಾನಿಗೆ ಬೇರೆ ಯೋಜನೆ ಕೊಡುತ್ತಾರೆ. ಅದನ್ನು ಕೊಳ್ಳುವುದಾದರೆ ಕಂಪನಿಯದ್ದನ್ನೇ ಕೊಳ್ಳಿ, ಅದರಲ್ಲಿ ವಿದ್ಯುತ್ ಏರಿಳಿತ ಸೇರಿದೆಯೇ ಎಂಬ ಸಾಲನ್ನು ಓದಿ. ನಾನು ಸೇರಿದೆ ಎಂದು ಓದಿದ ಮೇಲೆ ಕೊಂಡೆ. ಮೋಡ ಕಟ್ಟಿದರೆ ಪ್ಲಗ್ ಕೀಳುವುದನ್ನೂ ಮಗಳಿಗೆ ಹೇಳಿದ್ದೇನೆ.

ಇಷ್ಟೆಲ್ಲ ಮಾಡಿಯೂ ಮಾರಿದವರು ಒಪ್ಪದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ದೂರಿನ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲರು ಕಡ್ಡಾಯವಲ್ಲ. ಹಳೆಯ 1986ರ ಕಾಯ್ದೆಯಲ್ಲಿ ಮಾರಿದವರ ಕಚೇರಿ ಇರುವ ಊರಿನಲ್ಲೋ ವ್ಯವಹಾರ ನಡೆದ ಊರಿನಲ್ಲೋ ದೂರು ಹಾಕಬೇಕಿತ್ತು. 2019ರ ಕಾಯ್ದೆ ಬಂದ ಮೇಲೆ ಗ್ರಾಹಕ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಮಾರಿದವರು ಬೆಂಗಳೂರಿನವರಿರಲಿ, ದೆಹಲಿಯವರಿರಲಿ, ಕೊಡಗಿನವರ ದೂರನ್ನು ಮಡಿಕೇರಿಯ ಆಯೋಗ ಕೇಳುತ್ತದೆ.