ಭಾರದ ಗಾಡಿ ಮತ್ತು ಗೇರಿನ ಪಾಠ

ನಮ್ಮ ಉಮರ್ಗಾ ಭಾಗದಲ್ಲಿ ದೀಪಾವಳಿ ಮುಗಿಯುವ ಹೊತ್ತಿಗೆ ಕಬ್ಬಿನ ಹಂಗಾಮು ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಕೆಲವು ತಿಂಗಳು ಹಗಲು ರಾತ್ರಿಯೆನ್ನದೆ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಕಟ್ಟಿಕೊಂಡು ಸಕ್ಕರೆ ಕಾರಖಾನೆಯತ್ತ ಸಾಗುತ್ತವೆ. ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾಗಳನ್ನು ಹಾದು ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸರಕಿನ ಲಾರಿಗಳ ಸಾಲು ತಪ್ಪುವುದಿಲ್ಲ. ಹಿಂದೆ 9ನೆಯ ಸಂಖ್ಯೆಯಿದ್ದ ಈ ಹೆದ್ದಾರಿಗೆ ಈಗ 65ನೆಯ ಸಂಖ್ಯೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರ ತಂದೆ, ಅಣ್ಣಂದಿರು ಇವೇ ಗಾಡಿಗಳ ಚಾಲಕರು. ಆದುದರಿಂದ ಈ ಪಾಠವನ್ನು ಮಕ್ಕಳ ಜೊತೆಗೆ ಪಾಲಕರೂ ಓದಬೇಕೆಂಬುದು ನಮ್ಮ ಆಸೆ.

ಒಂದು ಹಂಗಾಮಿನ ಮುಂಜಾನೆ ನಾವು ಶಾಲೆಗೆ ಬರುತ್ತಿದ್ದಾಗ ಕಣ್ಣೆದುರೇ ಒಂದು ಪ್ರಸಂಗ ನಡೆಯಿತು. ಎರಡು ಟ್ರಾಲಿ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರು ದಿಬ್ಬದ ನಡುವೆ ಏದುಸಿರು ಬಿಡತೊಡಗಿತು. ಚಾಲಕನು ಕ್ಲಚ್ಚು ಒತ್ತಿ ಗೇರು ಬದಲಿಸಲು ಹೋದ. ಹಳೆಯ ಗೇರು ಬಿಟ್ಟಿತು, ಹೊಸದು ಕೂಡಲಿಲ್ಲ. ಗಾಡಿ ನಿಂತು, ಹಿಂದಕ್ಕೆ ಜಾರಲಾರಂಭಿಸಿತು. ಹಿಂದೆ ಮೂವರು ಹುಡುಗರು ಕಬ್ಬು ಎಳೆಯುವುದರಲ್ಲಿ ಮೈಮರೆತಿದ್ದರು. ಜೊತೆಗಾರನು ಕೂಗುತ್ತ ಓಡಿ ಬಂದು ಗಾಲಿಗೆ ಕಲ್ಲು ಕೊಟ್ಟ. ಹುಡುಗರು ಬದಿಗೆ ಹಾರಿ ಉಳಿದರು. ಅವರಲ್ಲೊಬ್ಬನ ಸೈಕಲ್ಲು ಮಾತ್ರ ಚಪ್ಪಟೆಯಾಯಿತು. ನಡುಗುತ್ತಿದ್ದ ಚಾಲಕನು, “ಮಾಸ್ತರ್ರ, ಏರು ಕಂಡಾಗs ಗೇರು ಹಾಕಬೇಕಿತ್ತರಿ. ಏರಿನಾಗ ಹಾಕಾಕ ಹೋದೆ, ತಪ್ಪಾತು” ಎಂದನು. ಅವನ ಆ ಮಾತಿನಲ್ಲಿ ಒಂದು ಇಡೀ ಪಾಠವೇ ಅಡಗಿದೆ.

ಗೇರು ಎಂದರೇನು?

ಗೇರುಪೆಟ್ಟಿಗೆಯೊಳಗೆ ಹಲ್ಲಿನ ಚಕ್ರಗಳಿರುತ್ತವೆ. 15 ಹಲ್ಲುಗಳ ಚಿಕ್ಕ ಚಕ್ರವು 45 ಹಲ್ಲುಗಳ ದೊಡ್ಡ ಚಕ್ರವನ್ನು ತಿರುಗಿಸುತ್ತದೆಂದು ತಿಳಿಯೋಣ. ಚಿಕ್ಕದು 3 ಸುತ್ತು ಸುತ್ತಿದಾಗ ದೊಡ್ಡದು 1 ಸುತ್ತು ಸುತ್ತುತ್ತದೆ. ವೇಗವು ಮೂರರಲ್ಲಿ ಒಂದು ಪಾಲಾಗುತ್ತದೆ. ಆದರೆ ಘರ್ಷಣೆಯ ಅಲ್ಪ ನಷ್ಟವನ್ನು ಬಿಟ್ಟರೆ ತಿರುಗಿಸುವ ಬಲವು ಮೂರು ಪಟ್ಟಾಗುತ್ತದೆ. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರವಿದು. ಎರಡನ್ನೂ ಒಟ್ಟಿಗೆ ಪಡೆಯಲು ಸಾಧ್ಯವಿಲ್ಲ. ಭಾರ ಹೆಚ್ಚಿದ್ದಾಗ ಚಿಕ್ಕ ಗೇರು ಬೇಕಾಗುವುದು ಇದಕ್ಕಾಗಿಯೇ.

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನು ತನ್ನ ಎಂಜಿನ್ನನ್ನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದನು. ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾವಿಗೆ ಡೀಸೆಲ್ ತಾನೇ ಉರಿಯುತ್ತದೆ. ಈ ಎಂಜಿನ್ನು ಕಡಿಮೆ ಸುತ್ತುಗಳಲ್ಲಿಯೂ ಚೆನ್ನಾಗಿ ಎಳೆಯುತ್ತದೆ. ಆದರೆ ಸುತ್ತುಗಳು ತೀರ ಇಳಿದರೆ ಅದೂ ಸೋಲುತ್ತದೆ.

ಹೊರಡುವಾಗ

ಒಳ್ಳೆಯ ಎತ್ತುಗಳು ಹೇರಿದ ಬಂಡಿಯನ್ನು ಜಗ್ಗನೆ ಎಳೆಯುವುದಿಲ್ಲ. ಮೊದಲು ನೊಗಕ್ಕೆ ಹೆಗಲು ಕೊಟ್ಟು, ಭಾರ ತಿಳಿದುಕೊಂಡು, ಆಮೇಲೆ ಹೆಜ್ಜೆ ಇಡುತ್ತವೆ. ಗಾಡಿಯನ್ನೂ ಹೀಗೆಯೇ ಹೊರಡಿಸಬೇಕು. ಚಿಕ್ಕ ಗೇರು ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಬಂದರೆ ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ತುಸು ಇಳಿಯುತ್ತದೆ. ಕೊಂಡಿಯ ಸಡಿಲು ಬಿಗಿಯುವವರೆಗೆ ಅಲ್ಲಿ ಕ್ಷಣ ತಡೆದು, ಕೈಬ್ರೇಕು ಬಿಟ್ಟು, ಬಳಿಕ ಕ್ಲಚ್ಚನ್ನು ಪೂರ್ತಿ ಬಿಡಬೇಕು. ಒಮ್ಮೆಲೇ ಬಿಟ್ಟರೆ ಕೊಂಡಿಯ ಪಿನ್ನಿಗೂ ಗೇರಿನ ಹಲ್ಲಿಗೂ ಪೆಟ್ಟು. ಟ್ರ್ಯಾಕ್ಟರಿನಲ್ಲಂತೂ ಮುಂದಿನ ಗಾಲಿಗಳೇ ನೆಲ ಬಿಟ್ಟು ಏಳಬಹುದು.

ಏರಿನಲ್ಲಿ

ಕ್ಲಚ್ಚು ಒತ್ತಿದಷ್ಟು ಹೊತ್ತು ಎಂಜಿನ್ನಿಗೂ ಗಾಲಿಗೂ ಸಂಬಂಧವಿರುವುದಿಲ್ಲ. ಸಮನೆಲದಲ್ಲಿ ಗಾಡಿ ಹಿಂದಿನ ವೇಗದಿಂದಲೇ ಮುಂದುವರಿಯುತ್ತದೆ. ಏರಿನಲ್ಲಿ ಹಾಗಲ್ಲ. 20 ಮೀಟರಿಗೆ 1 ಮೀಟರು ಏರುವ ದಿಬ್ಬದಲ್ಲಿ ಗಂಟೆಗೆ 10 ಕಿ.ಮೀ. ವೇಗದ ಗಾಡಿಯು, 2 ಸೆಕೆಂಡು ಕ್ಲಚ್ಚು ಒತ್ತಿದರೆ, ಗುರುತ್ವದಿಂದಲೇ ಸುಮಾರು 3.5 ಕಿ.ಮೀ. ವೇಗ ಕಳೆದುಕೊಳ್ಳುತ್ತದೆ. ಟೈರುಗಳ ತಡೆ ಬೇರೆ. 10ನೆಯ ತರಗತಿಯವರು ಲೆಕ್ಕ ಮಾಡಿ ನೋಡಬಹುದು. ಅಷ್ಟರಲ್ಲಿ, ಆರಿಸಿಕೊಂಡ ಗೇರು ಆ ವೇಗಕ್ಕೆ ಹೊಂದದೆ ಹೋಗಬಹುದು.

ಆದುದರಿಂದ ದಿಬ್ಬ ಕಂಡಾಗಲೇ ಗೇರು ಇಳಿಸಬೇಕು. ಅನುಭವಿ ಲಾರಿ ಚಾಲಕರು ಇದಕ್ಕೆ ಎರಡು ಸಲ ಕ್ಲಚ್ಚು ಒತ್ತುತ್ತಾರೆ. ಮೊದಲು ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತಂದು ಕ್ಲಚ್ಚು ಬಿಡುತ್ತಾರೆ. ಎಕ್ಸಿಲರೇಟರನ್ನು ತುಸು ಒತ್ತಿ ಎಂಜಿನ್ನಿನ ಸುತ್ತು ಏರಿಸುತ್ತಾರೆ. ಮತ್ತೆ ಕ್ಲಚ್ಚು ಒತ್ತಿ ಚಿಕ್ಕ ಗೇರು ಹಾಕುತ್ತಾರೆ. ಇದರಿಂದ ಒಳಗಿನ ಚಕ್ರಗಳ ವೇಗ ಸರಿಹೊಂದಿ, ಗೇರು ಕಿರುಗುಟ್ಟದೆ ಕೂಡುತ್ತದೆ. ಹೊಸ ಲಾರಿಗಳಲ್ಲಿ ಈ ಹೊಂದಾಣಿಕೆಯನ್ನು ಗೇರುಪೆಟ್ಟಿಗೆಯೇ ಮಾಡುತ್ತದೆ. ಆದರೂ ಕೈಯಲ್ಲಿ ಅವಸರ ಸಲ್ಲದು. ಅನೇಕ ಟ್ರ್ಯಾಕ್ಟರುಗಳಲ್ಲಿ ಓಡುವಾಗ ಗೇರು ಸುಲಭವಾಗಿ ಕೂಡುವುದಿಲ್ಲ. ಅಂಥವರು ದಿಬ್ಬದ ಬುಡದಲ್ಲಿಯೇ ಗಾಡಿ ನಿಲ್ಲಿಸಿ ಚಿಕ್ಕ ಗೇರು ಹಾಕಿ ಏರುವುದು ಲೇಸು.

ಇಳಿಜಾರಿನಲ್ಲಿ

ಏರಿಗಿಂತ ಇಳಿಜಾರು ಅಪಾಯದ್ದು. ಡೀಸೆಲ್ ಉಳಿಯುತ್ತದೆಂದು ಕೆಲವರು ನ್ಯೂಟ್ರಲ್ಲಿನಲ್ಲಿ ಇಳಿಸುತ್ತಾರೆ. ಇದು ತಪ್ಪು ಎಣಿಕೆ. ಗೇರಿನಲ್ಲಿಟ್ಟು ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಆಗ ಎಂಜಿನ್ನಿಗೆ ಡೀಸೆಲ್ ಹೋಗುವುದೂ ಕಡಿತವಾಗುತ್ತದೆ. ನ್ಯೂಟ್ರಲ್ಲಿನಲ್ಲಿ ಎಲ್ಲ ಭಾರವೂ ಬ್ರೇಕಿನ ಮೇಲೆ. ಬ್ರೇಕು ಕಾದು ಹಿಡಿತ ತಪ್ಪುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲಿಸಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆಂಬುದನ್ನು ಮರೆಯಬಾರದು. ಅನೇಕ ಟ್ರಾಲಿಗಳಿಗೆ ಸ್ವಂತ ಬ್ರೇಕು ಇಲ್ಲ; ಮುಂದಿನ ಟ್ರ್ಯಾಕ್ಟರನ್ನು ಅವೇ ನೂಕಿ ಅಡ್ಡ ತಿರುಗಿಸುತ್ತವೆ. ಇಳಿಯುವ ಮೊದಲೇ ಚಿಕ್ಕ ಗೇರು ಹಾಕಿರಬೇಕು. ಟ್ರ್ಯಾಕ್ಟರಿನ ಎರಡು ಬ್ರೇಕು ಪೆಡಲುಗಳನ್ನು ರಸ್ತೆಯಲ್ಲಿ ಒಂದಕ್ಕೊಂದು ಕೂಡಿಸಿ ಕೊಂಡಿ ಹಾಕಿರಬೇಕು.

ಕೊನೆಯದಾಗಿ

ಮಕ್ಕಳೇ, ಓಡುವ ಟ್ರಾಲಿಯ ಹಿಂದೆ ಹೋಗಿ ಕಬ್ಬು ಎಳೆಯಬೇಡಿರಿ. ಎರಡು ಟ್ರಾಲಿಗಳ ನಡುವೆ ನುಸುಳಬೇಡಿರಿ. ಗಾಡಿ ಹಿಂದೆ ಜಾರಿದರೆ ಚಾಲಕ ಕಾಕಾನಿಗೆ ನೀವು ಕಾಣುವುದಿಲ್ಲ. ಪಾಲಕರೇ, 18 ತುಂಬದ ಮಗನ ಕೈಗೆ ರಸ್ತೆಯಲ್ಲಿ ಟ್ರ್ಯಾಕ್ಟರು ಕೊಡಬೇಡಿರಿ. ಸಾರಿಗೆ ವಾಹನಗಳಿಗೆ ಕಾನೂನು 20 ವರ್ಷ ಕೇಳುತ್ತದೆ. ರಾತ್ರಿ ಹೊರಡುವ ಟ್ರಾಲಿಯ ಹಿಂದೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಇರಲಿ.

ಅಂದು ಗಾಲಿಗೆ ಕೊಟ್ಟ ಕಲ್ಲು ಇಂದಿಗೂ ಆ ದಿಬ್ಬದ ಬದಿಯಲ್ಲಿ ಬಿದ್ದಿದೆ. ಅದನ್ನು ಕಂಡಾಗಲೆಲ್ಲ ನಮಗೆ ಆ ಮೂವರು ಹುಡುಗರ ನೆನಪಾಗುತ್ತದೆ. ಈಗ ಅವರು ಕಬ್ಬಿನ ಗಾಡಿ ಬಂದರೆ ರಸ್ತೆಯ ಆಚೆ ನಿಂತು, ಚಾಲಕನು ಯಾವ ಗೇರಿನಲ್ಲಿ ಏರುತ್ತಿದ್ದಾನೆಂದು ಎಂಜಿನ್ನಿನ ಸದ್ದಿನಿಂದಲೇ ಗುರುತಿಸುತ್ತಾರೆ.