ಸಬ್ಸಿಡಿ ಸಿನಿಮಾ ನಮ್ಮೂರಿಗೆ ಯಾಕೆ ಬರುವುದಿಲ್ಲ?

ಪ್ರಶ್ನೆ: ಸರ್ಕಾರ ವರ್ಷಾ ವರ್ಷಾ ಕನ್ನಡ ಸಿನಿಮಾಕ್ಕ ಹತ್ತತ್ತು ಲಕ್ಷ ಸಬ್ಸಿಡಿ ಕೊಡ್ತದ ಅಂತ ಪೇಪರ್‌ನಾಗ ಓದ್ತೀವಿ. ಆ ಸಿನಿಮಾ ಯಾವೂ ನಮ್ಮ ಕಡಿ ಬರಂಗಿಲ್ಲ. ಇಲ್ಲಿ ಮಂದಿ ನೋಡಿದ್ರ ತೆಲುಗು ಸಿನಿಮಾ ನೋಡ್ತಾರ, ಇಲ್ಲಾ ಮೊಬೈಲ್‌ನಾಗ ಹಿಂದಿ. ಸಿನಿಮಾ ಮಾಡೋರಿಗಿ ನಮ್ಮ ತೆರಿಗಿ ರೊಕ್ಕ ಯಾಕ ಕೊಡಬೇಕು? ಕೊಟ್ಟಿದ್ದರಿಂದ ನಮಗೇನು ಬಂತು?
— ಐನಾಪುರದ ಓದುಗರು, ಚಿಂಚೋಳಿ ತಾಲ್ಲೂಕು

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಸರ್ಕಾರ ಸಿನಿಮಾಕ್ಕೆ ದುಡ್ಡು ಕೊಡಬೇಕೆ ಎಂದರೆ, ಕೊಡಬೇಕು ಎಂದೇ ನನ್ನ ನಂಬಿಕೆ. ನಿಮಗೇನು ಬಂತು ಎಂದರೆ, ಬರಬೇಕಾದದ್ದು ಬಂದಿಲ್ಲ. ಎರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂತು. ಅದನ್ನು ಚಿತ್ರೀಕರಿಸಿದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ, ಏಕೆಂದರೆ ಇಲ್ಲಿ ಅದಕ್ಕೆ ತಕ್ಕ ಸ್ಟುಡಿಯೊ ಇರಲಿಲ್ಲ. ಆಮೇಲೂ ಬಹುಕಾಲ ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನಲ್ಲೇ ತಯಾರಾದವು. ನಟರು ಅಲ್ಲೇ ಮನೆ ಮಾಡಿಕೊಂಡಿದ್ದರು. ಕ್ಯಾಮೆರಾ, ಲ್ಯಾಬ್, ಧ್ವನಿಮುದ್ರಣ ಎಲ್ಲವೂ ಅಲ್ಲೇ. ಸ್ಟುಡಿಯೊ ಫ್ಲೋರ್ ಸಿಗಬೇಕಾದರೆ ತಮಿಳು, ತೆಲುಗು ಚಿತ್ರಗಳ ಸರದಿ ಮುಗಿಯುವವರೆಗೆ ಕಾಯಬೇಕಿತ್ತು. ಮಾರುಕಟ್ಟೆಯ ಕೈಗೇ ಬಿಟ್ಟಿದ್ದರೆ ಆ ಸ್ಥಿತಿ ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ. 1960ರ ದಶಕದ ಕೊನೆಭಾಗದಲ್ಲಿ ಮೈಸೂರು ಸರ್ಕಾರ ರಾಜ್ಯದೊಳಗೆ ತಯಾರಾದ ಕನ್ನಡ ಚಿತ್ರಕ್ಕೆ 50 ಸಾವಿರ ರೂಪಾಯಿ ಸಹಾಯಧನ ಕೊಡಲು ಶುರು ಮಾಡಿತು. 1966ರಲ್ಲಿ ಸರ್ಕಾರದ ಒಡೆತನದಲ್ಲೇ ಶ್ರೀ ಕಂಠೀರವ ಸ್ಟುಡಿಯೊ ಬಂತು. ಡಾ. ರಾಜ್‌ಕುಮಾರ್ ಸಮಾಧಿ ಇರುವ ಜಾಗ ಎಂದರೆ ನಿಮಗೆ ಥಟ್ಟನೆ ತಿಳಿಯುತ್ತದೆ. ಒಂದೆರಡು ಲಕ್ಷದಲ್ಲಿ ಚಿತ್ರ ಮುಗಿಸುತ್ತಿದ್ದ ನಿರ್ಮಾಪಕನಿಗೆ ಆಗಿನ 50 ಸಾವಿರ ದೊಡ್ಡ ಮೊತ್ತ. ರಾಜ್ಯದೊಳಗೇ ಚಿತ್ರೀಕರಿಸಬೇಕೆಂಬ ಷರತ್ತಿನ ಈ ಹಣ ಚಿತ್ರರಂಗವನ್ನು ಮೆಲ್ಲಗೆ ಬೆಂಗಳೂರಿನತ್ತ ಎಳೆಯಿತು.

ನಿಮ್ಮ ಗಡಿಯಾಚೆಗೂ ಇದೇ ನಡೆಯಿತು. ಆಂಧ್ರ ಸರ್ಕಾರ ಜಮೀನು, ತೆರಿಗೆ ರಿಯಾಯಿತಿ ಕೊಟ್ಟು ತೆಲುಗು ಚಿತ್ರರಂಗವನ್ನು ಮದ್ರಾಸಿನಿಂದ ಹೈದರಾಬಾದಿಗೆ ಕರೆತಂದಿತು. 1970ರ ದಶಕದ ಮಧ್ಯದಲ್ಲಿ ಅಲ್ಲಿ ಅನ್ನಪೂರ್ಣ ಸ್ಟುಡಿಯೊ ಎದ್ದಿತು, 1996ರಲ್ಲಿ ರಾಮೋಜಿ ಫಿಲ್ಮ್ ಸಿಟಿ. ಹೀಗಾಗಿ ಚಿಂಚೋಳಿ, ಸೇಡಂ ಸೀಮೆಗೆ ತೆಲುಗು ಸಿನಿಮಾದ ರಾಜಧಾನಿ ಬೆಂಗಳೂರಿಗಿಂತ ಬಹಳ ಹತ್ತಿರವಾಯಿತು. ನಿಮ್ಮ ಊರಿನವರು ತೆಲುಗು ಸಿನಿಮಾ ನೋಡುವುದರ ಹಿಂದೆಯೂ ಒಂದು ಸರ್ಕಾರದ ಸಿನಿಮಾ ನೀತಿ ಇದೆ. ತೆಲುಗು ನೋಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ ನಾಲ್ಕೂ ಕಿವಿಗೆ ಬೀಳುವ ಸೀಮೆ ನಿಮ್ಮದು. ಅಂಥ ಕಡೆ ಕನ್ನಡ ಸಿನಿಮಾವೂ ಜನರ ಕೈಗೆಟುಕುವಂತಿರಬೇಕು ಎಂಬುದಷ್ಟೇ ನನ್ನ ವಾದ.

ಸರ್ಕಾರದ ದುಡ್ಡು ನಿರ್ಮಾಪಕನಿಗೆ ಕೊಡುವ ಚೆಕ್ಕಿನ ರೂಪದಲ್ಲೇ ಬರಬೇಕೆಂದಿಲ್ಲ. ನನ್ನ ಪ್ರಕಾರ ಅತಿ ಹೆಚ್ಚು ಫಲ ಕೊಟ್ಟದ್ದು ಬೇರೆ ಕಡೆ ಹಾಕಿದ ದುಡ್ಡು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ 1943ರಲ್ಲಿ, ಇನ್ನೂ ಅರಸರ ಆಳ್ವಿಕೆ ಇದ್ದಾಗಲೇ, ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಕಲಿಸತೊಡಗಿತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಓದಿ 1946ರಲ್ಲಿ ಹೊರಬಂದರು. ಬೊಂಬಾಯಿಗೆ ಹೋಗಿ ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. ‘ಕಾಗಜ್ ಕೆ ಫೂಲ್’ನಲ್ಲಿ ಖಾಲಿ ಸ್ಟುಡಿಯೊದೊಳಗೆ ಬೆಳಕಿನ ಕೋಲೊಂದು ಓರೆಯಾಗಿ ಇಳಿಯುವ ದೃಶ್ಯವಿದೆ. ಹೊರಗೊಂದು, ಒಳಗೊಂದು ದೊಡ್ಡ ಕನ್ನಡಿ ಇರಿಸಿ ನಿಜವಾದ ಬಿಸಿಲನ್ನೇ ಮೂರ್ತಿ ಒಳಕ್ಕೆ ತಿರುಗಿಸಿದ್ದರು. ಇವತ್ತಿಗೂ ಛಾಯಾಗ್ರಾಹಕರು ಆ ದೃಶ್ಯವನ್ನು ತಿರುತಿರುಗಿ ನೋಡುತ್ತಾರೆ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು; ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು. ಮುಂದೆ ಛಾಯಾಗ್ರಾಹಕ, ನಿರ್ದೇಶಕ ಎರಡೂ ಆದ ಗೋವಿಂದ ನಿಹಲಾನಿ 1962ರಲ್ಲಿ ಕಲಿತು ಹೊರಬಂದದ್ದೂ ಅದೇ ಪಾಲಿಟೆಕ್ನಿಕ್‌ನಿಂದ. ಸಾಮಾನ್ಯ ಮನೆಯ ಹುಡುಗ ಕಡಿಮೆ ಫೀ ಕಟ್ಟಿ ಕ್ಯಾಮೆರಾ ಮುಟ್ಟಿ ಕಲಿಯಲು ಸಾಧ್ಯವಾದದ್ದು ಸರ್ಕಾರ ಆ ಕೋರ್ಸು ನಡೆಸಿದ್ದರಿಂದ.

ಗಿರೀಶ ಕಾಸರವಳ್ಳಿಯವರದೂ ಹಾಗೆಯೇ. ತೀರ್ಥಹಳ್ಳಿ ಸೀಮೆಯಿಂದ ಹೊರಟು, ಕೇಂದ್ರ ಸರ್ಕಾರ 1960ರಲ್ಲಿ ಪುಣೆಯಲ್ಲಿ ತೆರೆದ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತರು. ಅವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ 1977ರ ರಾಷ್ಟ್ರ ಪ್ರಶಸ್ತಿಯ ಸ್ವರ್ಣಕಮಲ ಪಡೆಯಿತು. ಅದೇ ಚಿತ್ರ 2024ರಲ್ಲಿ, ಸುಮಾರು ಅರ್ಧ ಶತಮಾನದ ಬಳಿಕ, ಹೊಸದಾಗಿ ಸಂಸ್ಕರಣಗೊಂಡು ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆ ಕಂಡಿತು. ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ ಉಳಿದಿದ್ದರಿಂದ ಅದು ಸಾಧ್ಯವಾಯಿತು. ಆ ಭಂಡಾರ ಶುರುವಾದದ್ದು 1964ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲಿನ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ನಮ್ಮ ಮೊದಲ ಮಾತಿನ ಚಿತ್ರವನ್ನು ನೀವೂ ನೋಡಲಾರಿರಿ, ನಾನೂ ನೋಡಲಾರೆ. ಹಳೆಯ ರೀಲಿನ ಡಬ್ಬಿಯನ್ನು ತಣ್ಣನೆಯ ಕೋಣೆಯಲ್ಲಿ ದಶಕಗಟ್ಟಲೆ ಕಾಯುವ ಕೆಲಸದಲ್ಲಿ ಯಾರಿಗೂ ಲಾಭವಿಲ್ಲ; ಸರ್ಕಾರವೇ ಮಾಡಬೇಕು. ಕನ್ನಡ ಚಿತ್ರಗಳ ಸಂಗ್ರಹಾಲಯಕ್ಕೆಂದು ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ 3 ಕೋಟಿ ರೂಪಾಯಿ ಘೋಷಿಸಿತು. ಬಹಳ ತಡವಾಯಿತು, ಆದರೂ ಆಗಲೇಬೇಕಾದ ಕೆಲಸ.

ಇನ್ನು ನಿಮ್ಮನ್ನು ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ದುಡ್ಡು ಎಲ್ಲಿ ದಾರಿ ತಪ್ಪಿತು?

2017ಕ್ಕೆ ಮೊದಲು ಸಿನಿಮಾ ಟಿಕೆಟಿನ ಮೇಲೆ ರಾಜ್ಯ ಸರ್ಕಾರದ ಮನರಂಜನಾ ತೆರಿಗೆ ಇತ್ತು. ಪರಭಾಷಾ ಚಿತ್ರಗಳು ಅದನ್ನು ಕಟ್ಟುತ್ತಿದ್ದವು, ಕನ್ನಡ ಚಿತ್ರಗಳಿಗೆ ಪೂರ್ತಿ ವಿನಾಯಿತಿ ಇತ್ತು. ಈ ವಿನಾಯಿತಿಯ ಗುಣವನ್ನು ಗಮನಿಸಿ. ಜನ ಟಿಕೆಟ್ ತೆಗೆದುಕೊಂಡರೆ ಮಾತ್ರ ಅದರ ಲಾಭ. ಒಂದು ಊರಿನಲ್ಲಿ ನೂರು ಮಂದಿ ಹೆಚ್ಚಿಗೆ ನೋಡಿದರೆ ಅಷ್ಟು ಲಾಭ ಹೆಚ್ಚು. ಹಾಗಾಗಿ ಹಂಚಿಕೆದಾರನಿಗೆ ಕನ್ನಡ ಚಿತ್ರವನ್ನು ಹೊಸ ಊರಿಗೆ ಒಯ್ಯಲು ಒಂದು ಕಾರಣವಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಈ ಅಸ್ತ್ರ ರಾಜ್ಯದ ಕೈತಪ್ಪಿತು. ದರ ನಿಗದಿ ಮಾಡುವುದು ಈಗ ಜಿಎಸ್‌ಟಿ ಮಂಡಳಿ. ರಾಜ್ಯ ಹೆಚ್ಚೆಂದರೆ ತನ್ನ ಪಾಲಿನ ಎಸ್‌ಜಿಎಸ್‌ಟಿ ಬಿಟ್ಟುಕೊಡಬಹುದು. 2022ರಲ್ಲಿ ‘777 ಚಾರ್ಲಿ’ಗೆ ಆರು ತಿಂಗಳು ಹಾಗೆ ಬಿಟ್ಟುಕೊಟ್ಟಿತು. ಅಂಥದ್ದು ಒಂದೊಂದು ಚಿತ್ರಕ್ಕೆ ಮಾತ್ರ.

ಮುಖ್ಯವಾಗಿ ಉಳಿದದ್ದು ಸಹಾಯಧನ. ವಾರ್ತಾ ಇಲಾಖೆ ನೇಮಿಸುವ ಆಯ್ಕೆ ಸಮಿತಿ ಆಯಾ ವರ್ಷ ಸೆನ್ಸಾರ್ ಆದ ಚಿತ್ರಗಳನ್ನು ನೋಡಿ, ಗುಣಮಟ್ಟದ್ದೆಂದು ಕಂಡವನ್ನು ಆರಿಸುತ್ತದೆ. ಸಾಮಾನ್ಯ ಚಿತ್ರಕ್ಕೆ 10 ಲಕ್ಷ ರೂಪಾಯಿ. ವರ್ಷಕ್ಕೆ 125 ಚಿತ್ರಗಳೆಂದಿದ್ದ ಮಿತಿಯನ್ನು 2022ರಲ್ಲಿ 200ಕ್ಕೆ ಏರಿಸಿದರು. ಕನ್ನಡದಲ್ಲಿ ವರ್ಷಕ್ಕೆ ತಯಾರಾಗುವ ಚಿತ್ರಗಳೇ ಇನ್ನೂರರ ಆಸುಪಾಸಿನಲ್ಲಿರುವಾಗ ಈ ಮಿತಿಗೆ ಏನು ಅರ್ಥ, ನೀವೇ ಯೋಚಿಸಿ. ಸಮಿತಿ ಬಿಗಿಯಾಗದಿದ್ದರೆ ಅದು ಆಯ್ಕೆಯಾಗಿ ಉಳಿಯುವುದಿಲ್ಲ. ಕೋಟಿಗಟ್ಟಲೆ ಸುರಿಯುವ ಸ್ಟಾರ್ ಚಿತ್ರಕ್ಕೆ 10 ಲಕ್ಷ ಲೆಕ್ಕಕ್ಕಿಲ್ಲ. ಐವತ್ತು ಲಕ್ಷದಲ್ಲಿ, ಹೊಸ ನಟರನ್ನು ಕಟ್ಟಿಕೊಂಡು, ಗಟ್ಟಿಯಾದ ಕತೆ ಹೇಳುವ ನಿರ್ದೇಶಕನಿಗೆ ಅದು ಜೀವದ ಉಸಿರು. ಆದರೆ ಈ ಹಣಕ್ಕೂ ಚಿತ್ರವನ್ನು ಎಷ್ಟು ಮಂದಿ, ಯಾವ ಊರಿನಲ್ಲಿ ನೋಡಿದರು ಎಂಬುದಕ್ಕೂ ಸಂಬಂಧವೇ ಇಲ್ಲ. ಸಿನಿಮಾ ಬೆಂಗಳೂರು ದಾಟದಿದ್ದರೂ ಅಷ್ಟೇ ಮೊತ್ತ, ಬೀದರಿನಿಂದ ಚಾಮರಾಜನಗರದವರೆಗೆ ಓಡಿದರೂ ಅಷ್ಟೇ. ‘ಸಬ್ಸಿಡಿಗೆ ಮಾಡಿದ ಸಿನಿಮಾ’ ಎಂಬ ಮಾತು ಬೆಂಗಳೂರಿನ ಚಿತ್ರೋದ್ಯಮದ ಕೇರಿಯಾದ ಗಾಂಧಿನಗರದಲ್ಲಿ ಸುಮ್ಮನೆ ಹುಟ್ಟಲಿಲ್ಲ. ಮೊದಲು ನೋಡುವವರ ಬೆನ್ನಿಗಿದ್ದ ನೆರವು ಈಗ ಹೆಚ್ಚುಕಡಿಮೆ ಮಾಡುವವರ ಬೆನ್ನಿಗೆ ಮಾತ್ರ ನಿಂತಿದೆ. ಐನಾಪುರಕ್ಕೆ ಏನೂ ಬರಲಿಲ್ಲವೆಂಬ ನಿಮ್ಮ ಮಾತಿನ ಬೇರು ಇಲ್ಲಿದೆ.

ತಡವೂ ಒಂದು ರೋಗ. 2019ರ ಚಿತ್ರಗಳ ರಾಜ್ಯ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ಪ್ರಶಸ್ತಿ ಬಂದ ಚಿತ್ರ ಎಂದು ಪೋಸ್ಟರಿನ ಮೇಲೆ ಹಾಕಿಕೊಂಡು ಮತ್ತೆ ಬಿಡುಗಡೆ ಮಾಡುವ ಕಾಲ ಅಷ್ಟರಲ್ಲಿ ಕಳೆದೇಹೋಗಿತ್ತು.

ನಿಮ್ಮ ಜಿಲ್ಲೆಯ ಇನ್ನೊಂದು ವಿಷಯ ಹೇಳಲೇಬೇಕು. ಕಲಬುರಗಿಯ ಸರ್ಕಾರಿ ರಂಗಮಂದಿರಕ್ಕೆ ಡಾ. ಎಸ್.ಎಂ. ಪಂಡಿತ್ ಹೆಸರಿದೆ. 1916ರಲ್ಲಿ ಗುಲಬರ್ಗಾದಲ್ಲಿ ಹುಟ್ಟಿ, ಬೊಂಬಾಯಿಯಲ್ಲಿ ಹಿಂದಿ ಚಿತ್ರಗಳ ಪೋಸ್ಟರುಗಳನ್ನೂ ‘ಫಿಲ್ಮ್ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ಬರೆದು ದೇಶಕ್ಕೇ ಹೆಸರಾದ ಕಲಾವಿದ ಅವರು. ಆ ಕಾಲದ ಮಂದಿಗೆ ಸಿನಿಮಾದ ಮೊದಲ ನೋಟವೇ ಅವರ ಕುಂಚದಿಂದ ಸಿಗುತ್ತಿತ್ತು. ಅಂಥವರ ಹೆಸರಿನ ಕಟ್ಟಡದಲ್ಲಿ ತಿಂಗಳಿಗೊಂದಾದರೂ ಒಳ್ಳೆಯ ಕನ್ನಡ ಚಿತ್ರ ತೋರಿಸಬೇಕು, ಶಾಲೆ ಕಾಲೇಜಿನ ಮಕ್ಕಳನ್ನು ಕರೆದು ಕೂರಿಸಬೇಕು ಎಂಬುದು ನನ್ನ ದೊಡ್ಡ ಆಸೆ. ಹಿಂದೆ ವಾರ್ತಾ ಇಲಾಖೆಯ ಜೀಪು 16 ಮಿ.ಮೀ. ಪ್ರೊಜೆಕ್ಟರ್ ಹೊತ್ತು ಹಳ್ಳಿಗಳಿಗೆ ಬರುತ್ತಿತ್ತು. ಶಾಲೆಯ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ಸಾಕ್ಷ್ಯಚಿತ್ರ ತೋರಿಸುತ್ತಿದ್ದರು. ಜಾತ್ರೆಗಳಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಬೀಳುತ್ತಿತ್ತು. ಹಳ್ಳಿಗೆ ಸಿನಿಮಾ ಒಯ್ಯುವುದು ಸರ್ಕಾರಕ್ಕಾಗಲಿ ಖಾಸಗಿಯವರಿಗಾಗಲಿ ಹೊಸ ವಿದ್ಯೆಯಲ್ಲ. ಈಗ ರೀಲೂ ಬೇಡ. ಪ್ರೊಜೆಕ್ಟರ್, ಪರದೆ, ಒಳ್ಳೆಯ ಸ್ಪೀಕರ್ ಇದ್ದರೆ ಸಾಕು.

ಕೇರಳ ಇದನ್ನು ಬೇರೆ ಬಗೆಯಲ್ಲಿ ಯೋಚಿಸಿತು. 1975ರಲ್ಲಿ ಶುರುವಾದ ಅಲ್ಲಿನ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮ ತಾನೇ ಚಿತ್ರಮಂದಿರ ನಡೆಸುತ್ತದೆ. ತಿರುವನಂತಪುರದ ಕೈರಳಿ, ಶ್ರೀ, ನಿಳಾ ಮಾತ್ರವಲ್ಲ, ಚೇರ್ತಲ, ಚಿಟ್ಟೂರಿನಂಥ ಸಣ್ಣ ಊರುಗಳಲ್ಲೂ ಅದರ ಪರದೆಗಳಿವೆ. ಮಹಿಳಾ ನಿರ್ದೇಶಕರ, ಪರಿಶಿಷ್ಟ ಜಾತಿ–ಪಂಗಡದ ನಿರ್ದೇಶಕರ ಚಿತ್ರಗಳಿಗೆ ನಿಗಮವೇ ಬಂಡವಾಳ ಹಾಕುತ್ತದೆ. 2024ರ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಎಂಬ ಸರ್ಕಾರಿ ಒಟಿಟಿಯನ್ನೂ ತೆರೆಯಿತು. ಫ್ರಾನ್ಸಿನದು ಇನ್ನೂ ಹಳೆಯ ವ್ಯವಸ್ಥೆ. 1946ರಲ್ಲಿ ಹುಟ್ಟಿದ ಅಲ್ಲಿನ ರಾಷ್ಟ್ರೀಯ ಸಿನಿಮಾ ಕೇಂದ್ರ ಪ್ರತಿ ಟಿಕೆಟಿನಿಂದ ಶೇ. 10.72ರಷ್ಟನ್ನು ನಿಧಿಗೆ ಪಡೆಯುತ್ತದೆ. ಅಮೆರಿಕದ ದೊಡ್ಡ ಚಿತ್ರದ ಟಿಕೆಟ್ಟೂ ಅದಕ್ಕೆ ಹೊರತಲ್ಲ. ಆ ನಿಧಿ ಫ್ರೆಂಚ್ ಚಿತ್ರ ತಯಾರಿಕೆಗೆ ಹೋಗುವಂತೆ ಸಣ್ಣ ಊರಿನ ಚಿತ್ರಮಂದಿರದ ದುರಸ್ತಿಗೂ ಹೋಗುತ್ತದೆ. ಸಿನಿಮಾದ ಹಣ ಸಿನಿಮಾಕ್ಕೇ ಮರಳುವುದರಿಂದ, ಆಸ್ಪತ್ರೆಯ ದುಡ್ಡು ಕಿತ್ತು ಸಿನಿಮಾಕ್ಕೆ ಕೊಟ್ಟಿರಿ ಎಂಬ ದೂರಿಗೆ ಅಲ್ಲಿ ಜಾಗವಿಲ್ಲ.

ನಮ್ಮಲ್ಲೂ ಅಂಥದೊಂದು ಹೆಜ್ಜೆ ಬಿದ್ದಿದೆ. 2024ರಲ್ಲಿ ಶಾಸನಸಭೆ ಒಪ್ಪಿದ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಮಸೂದೆ, ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ. 1ರಿಂದ 2ರಷ್ಟು ಸೆಸ್ ಹಾಕಿ ಕಾರ್ಮಿಕರ ನೆರವಿಗೆ ಬಳಸುವ ಉದ್ದೇಶದ್ದು. ಲೈಟ್‌ಬಾಯ್, ಮೇಕಪ್‌ನವರು, ಜೂನಿಯರ್ ಕಲಾವಿದರ ಪರವಾಗಿ ಇದು ನ್ಯಾಯವಾದ ಕಾನೂನು. ಟಿಕೆಟ್ ದರ 200 ರೂಪಾಯಿ ಮೀರಬಾರದೆಂಬ ನಿಯಮ 2025ರ ಸೆಪ್ಟೆಂಬರ್ 12ರಂದು ಬಂತು, ಅದೇ ತಿಂಗಳ 23ರಂದು ಹೈಕೋರ್ಟ್ ತಡೆ ಕೊಟ್ಟಿತು. ಮಲ್ಟಿಪ್ಲೆಕ್ಸೇ ಇಲ್ಲದ ತಾಲ್ಲೂಕಿಗೆ ಆ ನಿಯಮದಿಂದ ಆಗುವುದು ಕಡಿಮೆ. ಮೈಸೂರಿನ ಬಳಿ ಚಿತ್ರನಗರಿಯ ಯೋಜನೆಯಿದೆ. ಆಗಲಿ, ಒಳ್ಳೆಯದೇ. ಅದಕ್ಕೆ ಮೀಸಲಿಡುವ ಹಣದ ಸಣ್ಣ ಪಾಲು ಸೇಡಂ, ಚಿತ್ತಾಪುರ, ಚಿಂಚೋಳಿಯಂಥ ತಾಲ್ಲೂಕುಗಳಲ್ಲಿ ನೂರಿನ್ನೂರು ಸೀಟಿನ ಪರದೆಗಳಿಗೆ ಬಂದರೆ ಕನ್ನಡಕ್ಕೆ ಅದರಿಂದ ಆಗುವ ಉಪಕಾರ ಹೆಚ್ಚು. ಸಹಾಯಧನ ಪಡೆದ ಪ್ರತಿ ಚಿತ್ರವೂ ಇಷ್ಟು ವರ್ಷದ ಬಳಿಕ ಸರ್ಕಾರಿ ಶಾಲೆ, ಗ್ರಂಥಾಲಯ, ರಂಗಮಂದಿರಗಳಲ್ಲಿ ಉಚಿತವಾಗಿ ತೋರಿಸಲು ಸಿಗಬೇಕು ಎಂಬ ಷರತ್ತನ್ನು ಮಂಜೂರಾತಿ ಆದೇಶದಲ್ಲೇ ಸೇರಿಸಬೇಕು. ಈ ಷರತ್ತಿಗೆ ಸರ್ಕಾರದ ಬೊಕ್ಕಸದಿಂದ ಹೆಚ್ಚೇನೂ ಹೋಗುವುದಿಲ್ಲ.

ತೆರಿಗೆ ಕಟ್ಟುವವರಾಗಿ ನೀವು ಈ ಸಹಾಯಧನದ ಲೆಕ್ಕ ಕೇಳಬಹುದು. ಬೆಂಗಳೂರಿನ ವಾರ್ತಾ ಸೌಧದಲ್ಲಿರುವ ವಾರ್ತಾ ಇಲಾಖೆಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹೋದ ಸಲ ಸಹಾಯಧನಕ್ಕೆ ಆಯ್ಕೆಯಾದ ಚಿತ್ರಗಳ ಪಟ್ಟಿ ಮತ್ತು ಅವುಗಳಲ್ಲಿ ಕಲಬುರಗಿ ಜಿಲ್ಲೆಯಲ್ಲಿ ತೆರೆ ಕಂಡವು ಯಾವುವು ಎಂಬುದಕ್ಕೆ ಇಲಾಖೆಯಲ್ಲಿರುವ ದಾಖಲೆಯ ಪ್ರತಿ, ಇಷ್ಟು ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಎರಡನೆಯದರ ದಾಖಲೆಯೇ ಇಲ್ಲವೆಂದು ಬರೆದರೆ ಆ ಪತ್ರವನ್ನು ಜೋಪಾನವಾಗಿಟ್ಟುಕೊಂಡು, ಅದರ ನಕಲನ್ನು ನಿಮ್ಮ ಶಾಸಕರಿಗೂ ಚಲನಚಿತ್ರ ಅಕಾಡೆಮಿಗೂ ಕಳಿಸಿ. ನಮಗೂ ಒಂದು ಪ್ರತಿ ಕಳಿಸಿದರೆ ಇಲ್ಲಿ ಪ್ರಕಟಿಸುತ್ತೇವೆ.